ಖಣದ ಪಟ್ಟಿಯ ವಾಚು

"ಓಡೋದು ಓಡ್ತೀನಿ, ವಾಚು ಕಟ್ಟಿಕೊಂಡೇ ಓಡ್ತೀನಿ! ಶಿಕಾರಿಪುರದೋರು ಅಂದ್ರೆ ಏನು ಅಂತ ಸೊರಬದ ಜನ ನೋಡ್ಲಿ!"

ತಾಲ್ಲೂಕು ಕಚೇರಿಯ ಗುಮಾಸ್ತ ಶೇಷಪ್ಪ ಹೀಗೆಂದು ಘೋಷಿಸಿದಾಗ ಎದುರಿಗಿದ್ದ ಮಹಾಸಭೆಯೆಂದರೆ ಹೆಂಡತಿ ವರದಮ್ಮ ಒಬ್ಬಳೇ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅವಳು ತಲೆಯೆತ್ತದೆ ಕೇಳಿದಳು:

"ಓಡೋದು ಕಾಲಲ್ಲೋ, ಕೈಯಲ್ಲೋ?"

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಕಚೇರಿ ನೌಕರರಿಗೆ ಸೊರಬದ ಶಾಲೆಯ ಬಯಲಿನಲ್ಲಿ ಓಟದ ಪಂದ್ಯವಿತ್ತು. ಶೇಷಪ್ಪ ತಾನಾಗಿಯೇ ಹೆಸರು ಕೊಟ್ಟಿದ್ದ. ಕ್ರೀಡೆಯ ಮೇಲಿನ ಪ್ರೀತಿಯಿಂದಲ್ಲ, ಮಾವನ ಮೇಲಿನ ಭಯದಿಂದ!

ಮದುವೆಯ ದಿನ ಬಾಸಿಂಗ ಬಿಚ್ಚುವ ಮೊದಲೇ ಶೇಷಪ್ಪ ಮೂಲೆ ಹಿಡಿದು ಮುನಿಸು ಮಾಡಿದ್ದ. ವಾಚು ಕೈಗೆ ಬರುವವರೆಗೆ ಊಟಕ್ಕೆ ಏಳೆನೆಂದು ಭೀಷ್ಮಪ್ರತಿಜ್ಞೆ ಮಾಡಿದ್ದ. ಮಾವ, ಜಡೆ ಊರಿನ ಮಲ್ಲಿಕಾರ್ಜುನಪ್ಪನವರು ಮರುಮಾತಾಡದೆ ಶಿವಮೊಗ್ಗಕ್ಕೆ ಆಳು ಕಳಿಸಿ ವಾಚು ತರಿಸಿಕೊಟ್ಟರು. ಆವತ್ತಿನಿಂದ ಮನೆಗೆ ಬಂದಾಗಲೆಲ್ಲ ಅವರು ಮೊದಲು ಅಳಿಯನ ಮಣಿಕಟ್ಟು ನೋಡುತ್ತಿದ್ದರು, ಆಮೇಲೆ ಮುಖ. ಕಳೆದ ದೀಪಾವಳಿಗೆ ಬಂದಾಗ ಮಣಿಕಟ್ಟು ಬರಿದಾಗಿತ್ತು. ಊಟ ಮುಗಿಸಿದವರು, ಹೊರಟ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮಗಳನ್ನು ಕೇಳಿದ್ದರು: "ವಾಚು ಎಂತಾಯ್ತೇ? ಇಸ್ಪೀಟಿನಲ್ಲಿ ಹೋಯ್ತಾ?"

"ಇಲ್ಲಪ್ಪಾ, ಟ್ರಂಕಿನಲ್ಲಿದೆ!" ಎಂದು ವರದಮ್ಮ ಕೂಗುವಷ್ಟರಲ್ಲಿ ಬಸ್ಸು ಕೆರೆ ಏರಿ ದಾಟಿತ್ತು. ಮೊನ್ನೆ ಜಡೆಯಿಂದ ಬಂದವರ ಕೈಲಿ ಮಾವ ಹೇಳಿ ಕಳಿಸಿದ್ದರು: "ಓಟ ನೋಡೋಕೆ ಸೊರಬಕ್ಕೆ ಬರ್ತೇನೆ. ಅಳಿಯಂದ್ರ ಕೈಯಲ್ಲಿ ವಾಚು ಕಾಣ್ದಿದ್ರೆ ಮಗಳನ್ನ ಜಡೆಗೆ ಕರ್ಕೊಂಡು ಬರೋದೇ ಸೈ. ಹೆಂಡ್ತಿ ಬೇಕಂದ್ರೆ ಅವ್ರು ಇನ್ನೊಂದ್ಸಲ ಮುನಿಸು ಮಾಡ್ಲಿ!" ಮಾವನಿಗೆ ವಾಚು ಎದ್ದು ಕಾಣಲೆಂದೇ ಶೇಷಪ್ಪ ಓಟಕ್ಕೆ ಹೆಸರು ಕೊಟ್ಟಿದ್ದು.

ವಾಚು ಟ್ರಂಕು ಸೇರಿದ್ದು ಅದರ ಸ್ಟೀಲಿನ ಚೈನಿನ ದೆಸೆಯಿಂದ. ಈಗ ಅದೇ ಚೈನು ಕಟ್ಟಿಕೊಂಡು ಶೇಷಪ್ಪ ಬೆಳಿಗ್ಗೆ ಅಂಜನಾಪುರದ ದಾರಿಯಲ್ಲಿ ಅಭ್ಯಾಸಕ್ಕಿಳಿದ. ಹೆಜ್ಜೆಗೊಂದು ಕೂದಲು ಕಿತ್ತು ಬಂತು! "ಅಯ್ಯಯ್ಯೋ! ಅಪ್ಪಾ!" ಎನ್ನುತ್ತ ಓಡಿ ಬರುವವನನ್ನು ಕಂಡ ಗದ್ದೆಯವರು ಯಾರದೋ ಸಾವಿನ ಸುದ್ದಿ ಬಂತೆಂದು ಹೆಗಲ ಟವೆಲು ಸರಿಮಾಡಿಕೊಂಡು ಹಿಂದೆಯೇ ಬಂದರು. ಯಾರೂ ಸತ್ತಿಲ್ಲವೆಂದು ತಿಳಿದಾಗ ಅವರಿಗೆ ಸಿಟ್ಟೇ ಬಂತು.

"ಚೈನು ಬಿಡ್ರಿ, ತೊಗಲಿನ ಪಟ್ಟಿ ಹಾಕ್ಸ್ರಿ," ಎಂದ ಕಚೇರಿಯ ಲೋಕಪ್ಪ. ಹಾಕಿಸಿದ್ದಾಯಿತು. ಒಂದು ತೂತಿಗೆ ಬಿಗಿದರೆ ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವು. ಪಕ್ಕದ ತೂತಿಗೆ ಸಡಿಲಿಸಿದರೆ ಶೇಷಪ್ಪನ ಜೊತೆಗೆ ವಾಚೂ ಮಣಿಕಟ್ಟಿನಿಂದ ಮೊಣಕೈಗೆ ಓಡುತ್ತಿತ್ತು. ಎರಡರ ನಡುವೆ ತಾನೇ ಮೊಳೆ ಹೊಡೆದು ಮೂರನೆಯ ತೂತು ಮಾಡಲು ಹೋದ. ಪಟ್ಟಿ ಎರಡು ತುಂಡಾಯಿತು.

"ಹೋಗಿದ್ದೇ ಒಳ್ಳೇದಾಯ್ತು," ಎಂದಳು ವರದಮ್ಮ ಮೂಗಿಗೆ ಸೆರಗು ಹಿಡಿದು. "ಬೆವರಿಗೆ ನೆಂದು ಮನೆ ತುಂಬಾ ಸತ್ತ ಎಮ್ಮೆ ವಾಸನೆ."

ಮರುದಿನ ಅವನಿಗೆ ಲಾಡಿ ಹೊಳೆಯಿತು. ಮೆತ್ತಗಿರುತ್ತದೆ, ಎಷ್ಟು ಬೇಕೋ ಅಷ್ಟೇ ಬಿಗಿಯಬಹುದು! ಅವಸರದಲ್ಲಿ ಹಾಕಿಕೊಂಡಿದ್ದ ಪೈಜಾಮದ ಲಾಡಿಯನ್ನೇ ಎಳೆದು ವಾಚು ಕಟ್ಟಿ, ಪೈಜಾಮವನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದ. ಬಸ್ ನಿಲ್ದಾಣದ ಮುಂದೆ ವಾಚು ಭದ್ರವಾಗಿ ನಿಂತಿತ್ತು. ಪೈಜಾಮ ನಿಲ್ಲಲಿಲ್ಲ!

ಪಂದ್ಯ ನಾಳೆಯೆನ್ನುವಾಗ ಅವನಿಗೆ ಅನ್ನ ಸೇರಲಿಲ್ಲ. ವರದಮ್ಮ ನಿಜಕ್ಕೂ ಹೋಗಿಬಿಟ್ಟರೆ? ಈ ಮನೆಯಲ್ಲಿ ತನ್ನನ್ನು ಹೀಯಾಳಿಸಲು ಇನ್ನು ಯಾರಿದ್ದಾರೆ? ಅವನ ಮುಖ ನೋಡಲಾರದೆ ಅವಳೇ ಎದ್ದು, ಕುಪ್ಪಸ ಹೊಲಿಸಿ ಉಳಿದಿದ್ದ ಗಿಣಿಹಸಿರು ಖಣದ ತುಂಡಿನಿಂದ ಎರಡು ಪದರದ ಪಟ್ಟಿ ಹೊಲಿದು, ಟಿಚ್ ಬಟನ್ ಹಚ್ಚಿದಳು.

"ಕುಪ್ಪಸದ ಬಟ್ಟೆ ಕಟ್ಟಿಕೊಂಡು ಓಡ್ಲೇನೆ ನಾನು? ಕಚೇರಿ ಮಂದಿ ಏನಂತಾರೆ?"

"ಹಂಗಾದ್ರೆ ಬಿಡಿ, ಜಡೆಗೆ ಹೊರಡೋಕೆ ಟ್ರಂಕು ಕಟ್ತೇನೆ."

ಶೇಷಪ್ಪ ತೆಪ್ಪಗೆ ಕೈ ಚಾಚಿದ. ಆಹಾ! ಚುಚ್ಚಲಿಲ್ಲ, ಕೀಳಲಿಲ್ಲ, ಜಾರಲಿಲ್ಲ. ಕೈಯಲ್ಲಿ ವಾಚಿದೆಯೆಂಬುದೇ ಮರೆತುಹೋಗುವಷ್ಟು ಹಾಯಾಗಿತ್ತು.

ಸೊರಬದ ಬಯಲಿನಲ್ಲಿ ಅವನು ಎಡಗೈಯನ್ನು ಎದೆಯ ಮೇಲಿಟ್ಟುಕೊಂಡೇ ಗೆರೆಯ ಮೇಲೆ ನಿಂತ. ಮಾವ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಡ್ರಿಲ್ ಮಾಸ್ತರು ಜಟ್ಟಪ್ಪ ಓಡಿಬಂದರು.

"ಶೇಷಪ್ಪನೋರೆ, ಆ ವಾಚು ಸ್ವಲ್ಪ ಕೊಡಿ. ನನ್ನದ್ರಲ್ಲಿ ಸೆಕೆಂಡಿನ ಮುಳ್ಳೇ ಇಲ್ಲ. ಓಟದ ಟೈಮು ನೋಡ್ಬೇಕು."

"ಇದಾ? ಇಲ್ಲ ಮಾಸ್ತರೆ! ಇದು ಕೈಯಲ್ಲೇ ಇರ್ಬೇಕು!"

"ಏನ್ರೀ ಶೇಷಪ್ಪ, ಏನು ತಕರಾರು?" ಎಂದರು ಕುರ್ಚಿಯಲ್ಲಿದ್ದ ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರ್ ಸಾಹೇಬರು.

ಸಾಹೇಬರ ದನಿ ಕೇಳಿದ್ದೇ ತಡ, ಟಿಚ್ ಬಟನ್ ತಾನಾಗಿಯೇ ಬಿಚ್ಚಿಕೊಂಡಿತು! ಜಟ್ಟಪ್ಪ ಮಾಸ್ತರು ವಾಚನ್ನು ತಮ್ಮ ಕೈಗೇರಿಸಿ, "ಎಷ್ಟು ಹಾಯಾಗಿದೆ ಕಣ್ರೀ!" ಎನ್ನುತ್ತ ಓಟ ಮುಗಿಯುವ ಗೆರೆಯತ್ತ ನಡೆದರು. ಅದೇ ಗೆರೆಯ ಪಕ್ಕದಲ್ಲಿ ಆಗ ತಾನೇ ಕೊಡೆ ಮಡಚಿ ಕೂತವರು ಮಲ್ಲಿಕಾರ್ಜುನಪ್ಪನವರು!

ಶೇಷಪ್ಪನ ಎಡಗೈ ಬೆನ್ನ ಹಿಂದೆ ಸರಿಯಿತು. ಸೀಟಿ ಊದಿದಾಗ ಅವನು ಹಾಗೆಯೇ, ಒಂದು ಕೈ ಬೆನ್ನಿಗೆ ಕಟ್ಟಿಕೊಂಡೇ ಓಡಿದ. ಜನ ಬಿದ್ದು ಬಿದ್ದು ನಕ್ಕರು. ಮಾವನ ಕಣ್ಣು ಮಣಿಕಟ್ಟಿಗೆ ಬೀಳುವ ಮೊದಲು ಮಾಸ್ತರನ್ನು ಮುಟ್ಟಿ ವಾಚು ಕಸಿದು ಕಟ್ಟಿಕೊಳ್ಳಬೇಕು, ಅವನ ತಲೆಯಲ್ಲಿದ್ದುದು ಅದೊಂದೇ. ಭಯ ಅವನನ್ನು ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿತು. ಜನ್ಮದಲ್ಲೇ ಮೊದಲ ಸಲ ಶೇಷಪ್ಪ ಮುಂದಿದ್ದ!

ಆದರೆ ಗೆರೆ ಇನ್ನೂ ದೂರವಿರುವಾಗಲೇ ಮಾವ ದಿಗ್ಗನೆದ್ದು ಮಾಸ್ತರ ಮಣಿಕಟ್ಟು ಹಿಡಿದುಕೊಂಡರು.

"ಇದು ನನ್ನ ಮಗಳ ಕುಪ್ಪಸದ ಖಣ! ಗೌರಿಹಬ್ಬಕ್ಕೆ ಹಾನಗಲ್ಲಿಂದ ನಾನೇ ತಂದುಕೊಟ್ಟಿದ್ದು! ನಿನ್ನ ಕೈಗೆ ಹ್ಯಾಂಗೆ ಬಂತು ಮಾರಾಯ?"

"ಯಜಮಾನ್ರೇ, ಮೆಲ್ಲಗೆ! ನನ್ನ ಹೆಂಡ್ತಿ ಅಲ್ಲೇ ಕೂತಿದಾಳೆ!"

ಕುಪ್ಪಸವೆಂದ ಮೇಲೆ ಓಟವನ್ನು ಯಾರು ನೋಡುತ್ತಾರೆ? ಗೆರೆಗೆ ದಾರ ಹಿಡಿದಿದ್ದವರು ದಾರ ಬಿಟ್ಟು ಓಡಿದರು. ಸಾಹೇಬರು ಕುರ್ಚಿಯಿಂದೆದ್ದರು. ಶೇಷಪ್ಪ ಮೊದಲಿಗನಾಗಿ ಗೆರೆ ದಾಟಿದ್ದನ್ನು ಒಂದು ನರಪಿಳ್ಳೆಯೂ ನೋಡಲಿಲ್ಲ.

"ಮೊದಲು ಬಂದೋರು ಯಾರ್ರೀ?" ಎಂದು ಸಾಹೇಬರು ಕೇಳಿದಾಗ ಓಡಿದವರೆಲ್ಲ ಕೈಯೆತ್ತಿದರು. ಅನ್ಯಾಯವನ್ನು ಸಹಿಸಲಾರದೆ ಶೇಷಪ್ಪನೂ ಎತ್ತಿದ. ಎತ್ತಿದ್ದು ಎಡಗೈ!

ಬರಿಗೈ ಬಯಲಿನ ನಟ್ಟನಡುವೆ ಧ್ವಜದಂತೆ ನಿಂತಿತು. ಮಾವ ಅದನ್ನು ನೋಡಿದರು. ಮಾಸ್ತರು ಏದುಸಿರು ಬಿಡುತ್ತ ನಡೆದದ್ದನ್ನೆಲ್ಲ ಹೇಳಿದರು. ಓಟ ರದ್ದಾಯಿತು. ಮಾವ ವಾಚನ್ನು ಜೇಬಿಗಿಳಿಸಿ, ಅಳಿಯನ ಜೊತೆಗೇ ಬಸ್ಸು ಹತ್ತಿದರು. ಶಿಕಾರಿಪುರದವರೆಗೂ ಶೇಷಪ್ಪನ ಕಣ್ಣು ಆ ಜೇಬಿನ ಮೇಲೇ ಇತ್ತು.

ಬಾಗಿಲಲ್ಲಿ ವರದಮ್ಮ ಗಿಣಿಹಸಿರು ಖಣದ ಕುಪ್ಪಸ ತೊಟ್ಟು ನಿಂತಿದ್ದಳು.

"ಮಾವಯ್ಯಾ, ಅವಳನ್ನ ಕರ್ಕೊಂಡು ಹೋಗ್ಬೇಡಿ!" ಶೇಷಪ್ಪ ಕೈ ಮುಗಿದ. "ವಾಚು ಬೇಕಾದ್ರೆ ತಗೊಂಡು ಹೋಗಿ!"

ಮಾವ ಅವನ ಮುಖ ನೋಡಿದರು. ಮಣಿಕಟ್ಟು ನೋಡದೆ ಮೊದಲು ಮುಖ ನೋಡಿದ್ದು ಇದೇ ಮೊದಲು. ಆಮೇಲೆ ಜೇಬಿನಿಂದ ವಾಚು ತೆಗೆದು ಮಗಳ ಕೈಗೆ ಕಟ್ಟಿದರು. ಪಟ್ಟಿ ಅವಳ ಕುಪ್ಪಸದ ತೋಳಿಗೆ ಜೋಡಿಯಾಗಿಯೇ ಕಂಡಿತು.

"ಖಣ ಇವಳದ್ದು. ವಾಚು ನಾ ಕೊಟ್ಟಿದ್ದು. ಇದ್ರಲ್ಲಿ ಅಳಿಯಂದ್ರದ್ದು ಅಂತ ಇರೋದು ಓಟ ಒಂದೇ," ಎಂದರು. ಆ ಸಂಜೆ ಒಬ್ಬರೇ ಜಡೆಗೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಶೇಷಪ್ಪ ಕೋಟಿನ ಒಂದು ತೋಳು ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತ ಕೂಗಿದ: "ಲೇ, ಟೈಮೆಷ್ಟೇ?"

ವರದಮ್ಮ ಕೈಯನ್ನು ಬೆಳಕಿಗೆ ಹಿಡಿದು, ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಸಾವಕಾಶವಾಗಿ ವಾಚು ನೋಡಿದಳು.

"ನಿಮಗೆ ತಡ ಆಗಿದೆ. ಓಡಿ!"

ಶೇಷಪ್ಪ ಓಡಿದ. ಕೈಗೆ ಒಂದಿಷ್ಟೂ ತೊಂದರೆಯಾಗಲಿಲ್ಲ.