ಎರಡನೇ ಎಮ್ಮೆಯ ಎಡಕ್ಕೆ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನುಷ್ಯರಿಗೆ ಮುಖ ಇದೆ ಎಂಬುದೇ ಅವರಿಗೆ ಗೊತ್ತಿಲ್ಲ! ಕಣ್ಣೇನಿದ್ದರೂ ಮರದ ಮೇಲೆ, ಇಲ್ಲವೇ ಕೆರೆಯ ಮೇಲೆ. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವರು ಛತ್ರದ ಗವಾಕ್ಷಿಯಲ್ಲಿದ್ದ ಗೂಬೆಯನ್ನು ಬರೆದುಕೊಳ್ಳುತ್ತಿದ್ದರು. ಮುಹೂರ್ತಕ್ಕೆ ಗೂಬೆಯೇ ಎಂದು ಬೀಗರು ಗಾಬರಿಯಾದರು. "ಹೆದರಬೇಡಿ, ಜೋಡಿ ಇದೆ" ಎಂದು ಮಾವ ಸಮಾಧಾನ ಹೇಳಿದರು.

ಶ್ರೀರಾಂಪುರದ ಅವರ ಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುವುದು ಯಾರಿಂದಲೂ ಆಗದ ಕೆಲಸ. ಚೌಕಗಳ ತುಂಬ ಹಕ್ಕಿ. "ಹೆಬ್ಬಾತು. ಕೆರೆ ಏರಿ. ಎರಡನೇ ಎಮ್ಮೆಯ ಎಡಕ್ಕೆ."

"ಅಲ್ಲ ಕಣ್ರೀ, ನಾಳೆ ಎಮ್ಮೆ ಎದ್ದೋದ್ರೆ?" ಎಂದು ಅತ್ತೆ ಕೇಳಿದ್ದರು.

"ನಾಳೇದು ನಾಳೆ ಬರ್ಕೋತೀನಿ ಬುಡು."

ಹಳೆಯ ಕ್ಯಾಲೆಂಡರುಗಳನ್ನೂ ಎಸೆಯಲು ಬಿಡರು. ಎಲ್ಲ ಮಂಚದ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದವು.

ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಮಂಡಿ ಮೊಹಲ್ಲಾದಿಂದ ಒಬ್ಬ ಹೆಣ್ಣುಮಗಳು ಬಂದರು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಗಾಯಗೊಂಡ ಹಕ್ಕಿಗಳ ಆರೈಕೆ ಮಾಡುವವರು. ತಂತಿಗೆ ಬಡಿದು ಬಿದ್ದಿದ್ದ ಹೆಬ್ಬಾತೊಂದು ಚಳಿಗಾಲವಿಡೀ ಅವರ ಹಿತ್ತಲಲ್ಲಿತ್ತು. ಈಗ ರೆಕ್ಕೆ ವಾಸಿಯಾಗಿ ಹಾರುತ್ತಿತ್ತು. ಆದರೆ ಅದು ಹಿಮಾಲಯದಾಚೆಗೆ ಗುಂಪಿನ ಜೊತೆ ಹೋಗಬೇಕಾದ ಹಕ್ಕಿ. ಗುಂಪುಗಳೆಲ್ಲ ಆಗಲೇ ಹೊರಟುಬಿಟ್ಟಿವೆ ಎಂದು ವಿಚಾರಿಸಿದ ಕಡೆಯೆಲ್ಲ ಹೇಳಿದ್ದರಂತೆ.

"ಒಂಟಿಯಾಗಿ ಬಿಟ್ರೆ ಅದಕ್ಕೆ ದಾರಿ ಯಾರು ತೋರಿಸ್ತಾರೆ ಸಾರ್?" ಎನ್ನುವಾಗ ಅವರ ಕಣ್ಣು ತುಂಬಿತ್ತು.

ಮಾವ ಮಂಚದ ಕೆಳಗೆ ತೂರಿದರು. ಸ್ವಲ್ಪ ಹೊತ್ತಿಗೆ ದೂಳಿನೊಳಗಿಂದ ದನಿ ಬಂತು. "ಪ್ರತಿ ವರ್ಷ ಒಂದು ಗುಂಪು ತಡ ಮಾಡ್ತದೆ ಕಣಮ್ಮ. ಇದೇ ಕೆರೇಲಿ, ಯುಗಾದಿ ಹತ್ರ ಆಗೋವರ್ಗೂ. ಮೊನ್ನೆನೂ ನೋಡಿದೀನಿ."

"ಎಮ್ಮೆ ಎಡಕ್ಕೋ ಬಲಕ್ಕೋ?" ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಎಲ್ಲರೂ ಕೆರೆಗೆ ಹೋದೆವು. ಎಮ್ಮೆ ಒಂದೂ ಇರಲಿಲ್ಲ. ಹೆಬ್ಬಾತುಗಳಿದ್ದವು! ಬುಟ್ಟಿಯ ಮುಚ್ಚಳ ತೆಗೆದರೆ ನಮ್ಮ ಹಕ್ಕಿ ಅಲುಗಲೇ ಇಲ್ಲ. ಆಚೆಯಿಂದ ಒಂದು ಕೂಗು ಬಂತು. ಇದು ಕತ್ತೆತ್ತಿ ಕೂಗಿತು, ನಾಲ್ಕು ಹೆಜ್ಜೆ ಓಡಿತು, ಹಾರಿ ಗುಂಪಿನ ನಡುವೆ ಇಳಿಯಿತು. ಯಾವುದೂ ಅದನ್ನು ಕುಕ್ಕಿ ಓಡಿಸಲಿಲ್ಲ.

ಆ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: "ಮುಂದಿನ ವರ್ಷ ವಾಪಸ್ ಬಂದ್ರೆ ನಮ್ಮದು ಯಾವುದು ಅಂತ ಗೊತ್ತಾಗುತ್ತಾ ಸಾರ್?"

"ಗೊತ್ತಾಗಲ್ಲ ಕಣಮ್ಮ" ಎಂದರು ಮಾವ. "ಅದಕ್ಕೇ ನಾನು ಬಂದಿದ್ದನ್ನೆಲ್ಲ ನಮ್ಮದೇ ಅಂತ ನೋಡೋದು."