ಮಾವನ ಜೀಪಿಗೆ ಬಿದ್ದ ತೂತು

"ಈ ಜೀಪಿನ ಒಳಗನ್ನ ಅರಮನೆ ಮಾಡದಿದ್ರೆ ನನ್ನ ಹೆಸರು ಯಶವಂತನೇ ಅಲ್ಲ!"

ದ್ವಾರಕಾದ ಎಂಟು ಮಹಡಿಯ ಸೊಸೈಟಿಯ ಪಾರ್ಕಿಂಗಿನಲ್ಲಿ, ಜೀಪಿನ ಬಂಪರಿನ ಮೇಲೆ ಒಂದು ಕಾಲಿಟ್ಟು ಯಶವಂತ ಹೀಗೆ ಘೋಷಿಸಿದಾಗ ಕೇಳಲು ಇದ್ದದ್ದು ಅವನ ಹೆಂಡತಿ ಪೂವಮ್ಮ ಒಬ್ಬಳೇ. ಅವಳು ಚಪ್ಪಾಳೆ ತಟ್ಟಲಿಲ್ಲ.

"ಅಪ್ಪ ಬಂದು ನೋಡ್ಲಿ, ನಿನ್ನ ಹೆಸರೇ ಉಳಿಯಲ್ಲ," ಎಂದಳು.

ಅಪ್ಪ ಎಂದರೆ ನಿವೃತ್ತ ಕರ್ನಲ್ ಬಿದ್ದಪ್ಪ. ಆ ಜೀಪನ್ನು ಸೈನ್ಯದ ಹರಾಜಿನಲ್ಲಿ ಕೊಂಡು ಸ್ವಂತ ಮಗನಂತೆ ಸಾಕಿದವರು. ದೆಹಲಿ ಬಿಟ್ಟು ಕೊಡಗಿಗೆ ಹೊರಟ ದಿನ ಕೀಲಿಕೈಯನ್ನು ಅಳಿಯನ ಅಂಗೈಯಲ್ಲಿಟ್ಟು ಎರಡೇ ಮಾತು ಹೇಳಿದ್ದರು. "ವಾರಕ್ಕೊಂದು ಸಲ ಸ್ಟಾರ್ಟ್ ಮಾಡು. ಬೇರೇನೂ ಮುಟ್ಟಬೇಡ."

ಇಷ್ಟು ದಿನ ಯಶವಂತ ಆ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ್ದ. ಗೌರವದಿಂದ ಎಂದರೆ ಸುಳ್ಳಾದೀತು. ಅಪ್ಪಟ ಭಯ! ಮದುವೆಯ ಮಾತಿಗೆ ಮೊದಲ ಸಲ ಹೋದಾಗ ಕರ್ನಲ್ ಸಾಹೇಬರು ಪ್ರೀತಿಯಿಂದಲೇ ಕೈ ಕುಲುಕಿದ್ದರು. ದೆಹಲಿಯ ಚಳಿ ಶುರುವಾದರೆ ಅವನ ಬೆರಳ ಗಂಟುಗಳು ಈಗಲೂ ಆ ಕ್ಷಣವನ್ನು ನೆನೆದು ನೋಯುತ್ತವೆ.

ಆದರೆ ಈ ಸಲ ಅತ್ತೆ ಮಾವ ಬರುವ ಸುದ್ದಿ ತಿಳಿದ ಕೂಡಲೇ ಅವನ ತಲೆಗೆ ಹುಳ ಹೊಕ್ಕಿತು. ಜೀಪಿನ ಸೀಟು ಹರಿದು ನಾರು ಹೊರಬಂದಿದೆ. ನೆಲದ ತಗಡಿಗೆ ತುಕ್ಕು. ಡ್ಯಾಶ್‌ಬೋರ್ಡಿನ ಬಣ್ಣ ಹಪ್ಪಳದಂತೆ ಎದ್ದಿದೆ. ತಾನಾದರೋ ಓಖ್ಲಾದ ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರ್! ಜರ್ಮನಿಯವರ ಕೋಟಿನಲ್ಲಿ ಒಂದು ಹೊಲಿಗೆ ತಪ್ಪಿದರೂ ಹಿಡಿಯುವ ಕಣ್ಣು ತನ್ನದು. ಒಂದು ಜೀಪಿಗೆ ಬಟ್ಟೆ ಹೊಲಿಸಲಾರೆನೇ? ಮಾವ ಬಂದು ನೋಡಿ, ಬೆನ್ನು ತಟ್ಟಿ, "ಶಭಾಶ್" ಎನ್ನಬಾರದೇ? (ಬೆನ್ನು ತಟ್ಟುವುದನ್ನು ನೆನೆದಾಗ ಮಾತ್ರ ಕೊಂಚ ಅಳುಕಾಯಿತು.)

ಶುರುವಿನಲ್ಲಿ ಎಲ್ಲವೂ ಸಾಂಗವಾಗಿಯೇ ನಡೆಯಿತು. ತುಕ್ಕು ಉಜ್ಜಿ ಬಣ್ಣ ಹೊಡೆದ. ಸೀಟುಗಳಿಗೆ ಕೆಂಪು ರೆಕ್ಸಿನ್ ಬಂತು. ಫ್ಯಾಕ್ಟರಿಯಲ್ಲಿ ಚಳಿಯಂಗಿಗಳಿಗೆ ತುಂಬಿ ಮಿಕ್ಕಿದ್ದ ದಪ್ಪ ಹತ್ತಿಯ ಹಾಳೆಗಳನ್ನು ಕೇಳಿ ತಂದು, ನೆಲಕ್ಕೆ, ಪಕ್ಕದ ತಗಡಿಗೆ, ಎಂಜಿನ್ನಿನ ಕಡೆಯ ಗೋಡೆಗೆ, ಮೇಲಿನ ಕ್ಯಾನ್ವಾಸಿನ ಒಳಮೈಗೆ ಕೂಡ ಪದರ ಪದರವಾಗಿ ಅಂಟಿಸಿ ಮೇಲೆ ರಬ್ಬರ್ ಹಾಸಿದ. ಸೈಲೆನ್ಸರನ್ನೂ ಹೊಸದು ಮಾಡಿಸಿದ.

"ಜೀಪಿಗೆ ಯಾಕೆ ಸ್ವೆಟರು?" ಎಂದಳು ಪೂವಮ್ಮ.

"ಸದ್ದು ಕಮ್ಮಿ ಆಗ್ಬೇಕಲ್ಲ ಪೂವಿ! ಆಮೇಲೆ ಸ್ಪೀಕರ್ ಹಾಕ್ತೀನಿ."

"ಸ್ಪೀಕರ್ರಾ?" ಅವಳ ಮುಖ ಬಿಳಿಚಿತು. "ಅಪ್ಪನ ಜೀಪಿಗಾ? ಅವರು ಮನೇಲಿ ರೇಡಿಯೋ ಹಾಕಿದ್ರೇ ಎದ್ದು ಹೋಗ್ತಾರೆ. ಯಶವಂತ್, ನಿನ್ನ ಕೈ ಮುಗೀತೀನಿ, ತೂತು ಗೀತು ಕೊರೆಯೋಕೆ ಹೋಗ್ಬೇಡ."

ಕರೋಲ್ ಬಾಗಿನಿಂದ ಸ್ಪೀಕರುಗಳು ಅದಾಗಲೇ ಬಂದಿದ್ದವು. ಇಡ್ಲಿ ತಟ್ಟೆಯಷ್ಟು ಅಗಲ. ಪ್ರಶ್ನೆ ಇದ್ದದ್ದು ಒಂದೇ: ಇವನ್ನು ಕೂರಿಸುವುದೆಲ್ಲಿ? ಕಾರಾದರೆ ಬಾಗಿಲಿನಲ್ಲಿ ಕೂರಿಸಬಹುದು. ಈ ಜೀಪಿಗೆ ಬಾಗಿಲೇ ಇಲ್ಲ! ಡ್ಯಾಶ್‌ಬೋರ್ಡಿನಲ್ಲಿ ಜಾಗವಿಲ್ಲ. ಹಿಂದೆ ಇಟ್ಟರೆ ಸೂಟ್‌ಕೇಸು ತಗುಲಿ ಒಡೆಯುತ್ತದೆ. ಪಾರ್ಕಿಂಗಿನ ನೆಲದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಧ್ಯಾನ ಮಾಡಿದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಡ್ರೈವರ್ ಸೀಟಿನ ಕೆಳಗೆ! ಅಲ್ಲಿ ಚೌಕವಾದ ತಗಡಿನ ಗೂಡೊಂದಿದೆ. ಅದರ ಮುಂಭಾಗಕ್ಕೆ ಸ್ಪೀಕರ್ ಬಿಗಿದರೆ ಸಂಗೀತ ಮಾವನ ಬೆನ್ನುಮೂಳೆಯೊಳಗಿಂದಲೇ ಮೇಲೇಳುತ್ತದೆ!

ಅವನು ಆರಿಸಿಕೊಂಡ ಮುಹೂರ್ತ ಕರ್ವಾ ಚೌತ್‌ನ ಸಂಜೆ. ಸೊಸೈಟಿಯ ಹೆಂಗಸರೆಲ್ಲ ಗಂಡಂದಿರ ಆಯುಷ್ಯಕ್ಕಾಗಿ ಬೆಳಗಿನಿಂದ ಹನಿ ನೀರೂ ಮುಟ್ಟದೆ ಉಪವಾಸವಿದ್ದು, ಕೆಂಪು ಸೀರೆಯುಟ್ಟು, ಹುಲ್ಲುಹಾಸಿನ ಮೇಲೆ ವೃತ್ತಾಕಾರವಾಗಿ ಕೂತು ಹಾಡುತ್ತಾ ದೀಪದ ತಟ್ಟೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಉಪವಾಸವಿಲ್ಲದ ಪೂವಮ್ಮನೂ ನೆರೆಯವರ ಒತ್ತಾಯಕ್ಕೆ ಅಲ್ಲಿ ಹೋಗಿ ಕೂತಿದ್ದಳು. ಇವಳು ಅಲ್ಲಿರುವಾಗಲೇ ಕೆಲಸ ಮುಗಿಸಬೇಕೆಂದು ಯಶವಂತ ಗಾರ್ಡಿನ ಕೋಣೆಯಿಂದ ವೈರು ಎಳೆದು ಡ್ರಿಲ್ ಹಿಡಿದ.

ಗುರ್‌ರ್‌ರ್! ಮೊದಲ ತಗಡನ್ನು ಬೆಣ್ಣೆಯಂತೆ ಕೊರೆಯಿತು. ಇನ್ನೊಂಚೂರು ಒತ್ತಿದ. ಒಳಗೆ ಮತ್ತೇನೋ ತಗಡು ಸಿಕ್ಕಿತು. ಗಟ್ಟಿಗನಲ್ಲವೇ, ಅದನ್ನೂ ಕೊರೆದ. ಡ್ರಿಲ್ ಹೊರಗೆಳೆದ. ಹಿಂದೆಯೇ ತಣ್ಣನೆಯ ಧಾರೆಯೊಂದು ಅವನ ಮೊಣಕೈವರೆಗೆ ಚಿಮ್ಮಿತು.

ನೀರೆಂದುಕೊಂಡ. ಜೀಪಿನೊಳಗೆ ನೀರೇಕೆ ಎಂದುಕೊಂಡ. ಆಮೇಲೆ ಮೂಗಿಗೆ ವಾಸನೆ ಬಡಿಯಿತು.

ಪೆಟ್ರೋಲ್! ಎಲ್ಲ ಗಾಡಿಗಳಿಗೂ ಟ್ಯಾಂಕು ಹಿಂದೆ ಇರುತ್ತದೆಂದು ನಂಬಿದ್ದ ಮಹಾನುಭಾವನಿಗೆ, ಈ ಜೀಪಿನ ಟ್ಯಾಂಕು ಡ್ರೈವರಿನ ಆಸನದ ಕೆಳಗೇ ಇದೆ ಎಂಬ ಸತ್ಯ ಹೀಗೆ ಗೊತ್ತಾಯಿತು. ಮಾವನಿಗೆ ಖುಷಿಯಾಗಲೆಂದು ಬೆಳಿಗ್ಗೆಯಷ್ಟೇ ಕುತ್ತಿಗೆವರೆಗೆ ತುಂಬಿಸಿಕೊಂಡು ಬಂದಿದ್ದ ಟ್ಯಾಂಕು!

ಡ್ರಿಲ್ಲನ್ನು ದೂರ ಎಸೆದು, ಬೇರೇನೂ ತೋಚದೆ, ಹೆಬ್ಬೆರಳನ್ನು ತೂತಿಗೆ ಒತ್ತಿದ. ಧಾರೆ ನಿಂತಿತು. ಅವನೂ ಅಲ್ಲೇ ನಿಂತ. ಬೆರಳು ತೆಗೆದರೆ ಪ್ರವಾಹ, ತೆಗೆಯದಿದ್ದರೆ ಆಜನ್ಮ ಕಾರಾಗೃಹ! ಅಷ್ಟರಲ್ಲೇ ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು.

ಎಡಗೈಯಲ್ಲಿ ಎಳೆದು ನೋಡಿದ. ಮಾವ!

ಪೆಟ್ರೋಲ್ ಪಂಪಿನಲ್ಲಿ ಮೊಬೈಲಿಗೆ ಅಡ್ಡಗೆರೆ ಹಾಕಿದ ಬೋರ್ಡು ಅವನ ಕಣ್ಣ ಮುಂದೆ ಬಂತು. ಫೋನೆತ್ತಿದರೆ ಆಗಬಹುದಾದ ಸ್ಫೋಟ, ಎತ್ತದಿದ್ದರೆ ಖಂಡಿತ ಆಗುವ ಸ್ಫೋಟ, ಎರಡನ್ನೂ ತೂಗಿ ನೋಡಿ, ಎತ್ತಿದ.

"ಎಲ್ಲಿದೀಯ?" ಎಂದರು ಕರ್ನಲ್.

"ಜೀಪಿನ ಹತ್ರಾನೇ ಮಾವ. ಪೆಟ್ರೋಲ್... ಪೆಟ್ರೋಲ್ ನೋಡ್ತಿದ್ದೆ."

"ಗುಡ್. ಎಷ್ಟಿದೆ?"

"ಬೇಕಾದಷ್ಟು ಹೊರಗೆ... ಅಲ್ಲ, ಒಳಗೆ! ಒಳಗೆ ಬೇಕಾದಷ್ಟಿದೆ ಮಾವ."

"ನಾಳಿದ್ದು ನಿಜಾಮುದ್ದೀನ್ ಸ್ಟೇಷನ್ನಿಗೆ ಜೀಪನ್ನೇ ತಗೊಂಡು ಬಾ. ಟ್ಯಾಕ್ಸಿ ಗೀಕ್ಸಿ ಬೇಡ."

ಫೋನು ಇಟ್ಟು ಬೆವರೊರೆಸಿಕೊಳ್ಳುವಷ್ಟರಲ್ಲಿ ಅವನ ಕಣ್ಣು ನೆಲದತ್ತ ಹೊರಳಿತು. ಬೆರಳೊತ್ತುವ ಮೊದಲೇ ಸುರಿದಿದ್ದ ಪೆಟ್ರೋಲು ಸುಮ್ಮನೆ ನಿಂತಿರಲಿಲ್ಲ. ಪಾರ್ಕಿಂಗಿನ ಇಳಿಜಾರನ್ನು ಹಿಡಿದು, ಸಣ್ಣ ಹಾವಿನಂತೆ ಹರಿದು, ಹುಲ್ಲುಹಾಸಿನ ಅಂಚಿಗೆ ಮೂತಿ ಇಟ್ಟಿತ್ತು. ಅದರಾಚೆ ಉರಿಯುವ ದೀಪಗಳು. ಆ ದೀಪಗಳ ನಡುವೆ, ಯಾರದೋ ತಟ್ಟೆಯನ್ನು ಕೈಯಲ್ಲಿ ಹಿಡಿದು, ಏನಕ್ಕೋ ನಗುತ್ತಿದ್ದ ಪೂವಿ.

ಆಗ ಯಶವಂತನಿಗೆ ನಿಜವಾದ ಭಯವಾಯಿತು. ಮಾವ ಮರೆತುಹೋದರು, ಜೀಪು ಮರೆತುಹೋಯಿತು. ಇದ್ದಷ್ಟು ಸ್ವರವನ್ನೂ ಕೂಡಿಸಿ ಕೂಗಿದ.

"ದಿಯಾ ಬುಝಾವೋ! ಎಲ್ಲಾರೂ ದೀಪ ಆರಿಸಿ! ಜಲ್ದೀ!"

ಹಾಡು ನಿಂತಿತು. ಕೆಂಪು ಸೀರೆಗಳೆಲ್ಲ ಒಟ್ಟಿಗೆ ಇತ್ತ ತಿರುಗಿದವು. ಎಲ್ಲರಿಗಿಂತ ಹಿರಿಯರಾದ ಭಾಟಿಯಾ ಆಂಟಿ ಎದ್ದು ನಿಂತರು. ಬೆಳಗಿನಿಂದ ಚಹಾ ಕೂಡ ಕುಡಿಯದ ಹೆಂಗಸಿನ ಕಣ್ಣು ಹೇಗಿರುತ್ತದೆಂದು ಯಶವಂತ ಅಂದೇ ಕಂಡದ್ದು.

"ಕರ್ವಾ ಚೌತ್ ದಿನ ದೀಪ ಆರಿಸಬೇಕಾ? ನಮ್ಮ ಗಂಡಂದಿರು ಬದುಕೋದು ಬೇಡ್ವಾ ನಿಮಗೆ?" ಎಂದು ಹಿಂದಿಯಲ್ಲಿ ಗುಡುಗಿದರು.

"ಗಂಡಂದಿರು ಆಫೀಸಿನಲ್ಲಿ ಕ್ಷೇಮವಾಗಿದ್ದಾರೆ ಆಂಟೀಜಿ! ಹೋಗೋದು ನಾವು! ಪೆಟ್ರೋಲ್! ಪೆಟ್ರೋಲ್!"

ಪೂವಮ್ಮನ ಮೂಗಿಗೆ ಆಗಲೇ ವಾಸನೆ ತಾಗಿತ್ತು. ಅವಳು ಒಂದೇ ನೆಗೆತಕ್ಕೆ ಎದ್ದು ಎಲ್ಲರನ್ನೂ ಹಿಂದಕ್ಕೆ ತಳ್ಳತೊಡಗಿದಳು. ಗಲಾಟೆ ಕೇಳಿದ ಗಾರ್ಡ್, "ಕ್ಯಾ ಹುವಾ ಸಾಬ್?" ಎಂದು ಜೀಪಿನತ್ತ ಓಡಿ ಬಂದ. ಬಾಯಲ್ಲಿ ಬೀಡಿ! ಕೆಂಪಗೆ ಹೊಳೆಯುವ ಬೀಡಿ!

ಯಶವಂತ ಹೆಬ್ಬೆರಳು ಬಿಡಲಾರ, ಓಡಲಾರ. ಬಾಯಿ ತೆರೆದರೆ "ಬೀ... ಬೀ... ಬೀ..." ಎಂದಷ್ಟೇ ಬಂತು. ಗಾರ್ಡಿಗೆ ಅದು "ಬಿಜ್ಲಿ" ಎಂದು ಕೇಳಿಸಿತು. ಸಾಹೇಬರಿಗೆ ಕರೆಂಟು ಹೊಡೆಯುತ್ತಿದೆ ಎಂದುಕೊಂಡ ಆ ಪುಣ್ಯಾತ್ಮ ಹಿಂದಕ್ಕೆ ತಿರುಗಿ ಓಡಿ, ಸೊಸೈಟಿಯ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟ. ಎಂಟು ಮಹಡಿಯೂ ಕತ್ತಲು. ಲಿಫ್ಟು ಬಂದ್. ಓಡುವ ಭರದಲ್ಲಿ ಬೀಡಿ ಗೇಟಿನಾಚೆಯ ಚರಂಡಿಗೆ ಬಿದ್ದದ್ದೇ ಆ ದಿನದ ಏಕೈಕ ಸುದೈವ.

"ದೀಪ ಆರಿಸಲ್ಲ," ಎಂದರು ಭಾಟಿಯಾ ಆಂಟಿ. "ಬೇಕಾದ್ರೆ ನಾವೇ ಟೆರೇಸಿಗೆ ಹೋಗ್ತೀವಿ. ಚಲೋ!"

ಹಾಗೆ, ನೀರೂ ಕುಡಿಯದ ಆ ಸುಮಂಗಲಿಯರು ಉರಿಯುವ ದೀಪಗಳನ್ನು ಸೆರಗಿನ ಮರೆಯಲ್ಲಿ ಹಿಡಿದು, ಎಂಟು ಮಹಡಿಯನ್ನು ಕಾಲ್ನಡಿಗೆಯಲ್ಲಿ ಹತ್ತಿದರು. ಪ್ರತಿ ಮಹಡಿಯ ಕಿಟಕಿಯಲ್ಲೂ ದೀಪದ ಸಾಲು ಕಾಣಿಸಿಕೊಂಡಿತು. ಪ್ರತಿ ಮಹಡಿಯಿಂದಲೂ ಯಶವಂತನ ವಂಶಕ್ಕೆ ಹೊಸ ಹೊಸ ವಿಶೇಷಣಗಳು ಇಳಿದು ಬಂದವು.

ಪೂವಮ್ಮ ಬಟ್ಟೆ ಒಗೆಯುವ ಸಾಬೂನಿನ ತುಂಡು ತಂದಳು. ಅವನ ಬೆರಳು ಸರಿಸಿ, ಸಾಬೂನನ್ನು ನಾದಿ ತೂತಿಗೆ ಮೆತ್ತಿದಳು. ಒಂದು ಹನಿಯೂ ಸೋರಲಿಲ್ಲ.

"ನಿನಗೆ ಇದೆಲ್ಲ ಹೇಗೆ ಗೊತ್ತು?"

"ನಾನು ಈ ಜೀಪಲ್ಲೇ ಬೆಳೆದವಳು," ಎಂದಳು. ಹರಿದ ಪೆಟ್ರೋಲಿನ ಮೇಲೆ ಇಬ್ಬರೂ ಸೇರಿ ಮರಳು ಸುರಿದರು. ಕೊನೆಯ ಬಕೆಟ್ಟು ಸುರಿದ ಮೇಲೆ ಅವಳು ಅವನ ತೋಳಿಗೆ ತಲೆ ಒರಗಿಸಿ ನಿಂತಳು. ಆಮೇಲೆ ಅದೇ ತೋಳಿಗೆ ಒಂದು ಬಿಟ್ಟಳು.

"ಸ್ಪೀಕರ್ ಅಂತ ಇನ್ನೊಂದು ಸಲ ಅಂದ್ರೆ ನೋಡು!"

ಮರುದಿನ ಮೆಕ್ಯಾನಿಕ್ ಬಂದು ಟ್ಯಾಂಕು ಇಳಿಸಿ ತೂತು ಮುಚ್ಚಿದ. ಸ್ಪೀಕರುಗಳು ಮನೆಯ ಅಟ್ಟ ಸೇರಿದವು. ತಗಡಿನ ತೂತಿನ ಮೇಲೆ ಯಶವಂತ ಕೆಂಪು ರೆಕ್ಸಿನ್ನಿನ ತೇಪೆ ಅಂಟಿಸಿದ. ಆದರೆ ಮಾವನ ಕಣ್ಣಿಗೆ ತೇಪೆ ಹಾಕುವುದು ಹೇಗೆ?

ಸ್ಟೇಷನ್ನಿನ ಹೊರಗೆ ಕರ್ನಲ್ ಬಿದ್ದಪ್ಪ ಜೀಪನ್ನು ಎರಡು ಸುತ್ತು ಹಾಕಿದರು. ಕೆಂಪು ಸೀಟು ಒತ್ತಿ ನೋಡಿದರು. ಬಗ್ಗಿ ತೇಪೆಯ ಮೇಲೆ ಬೆರಳಾಡಿಸಿದರು. ಅವರೇ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಅತ್ತೆ ಚಿಣ್ಣಮ್ಮ. ಹಿಂದೆ ಸಾಮಾನುಗಳ ನಡುವೆ ಯಶವಂತ, ಮಾವನ ಕತ್ತಿನ ಕೆಂಪನ್ನೇ ನೋಡುತ್ತಾ ಕುಗ್ಗಿ ಕೂತ.

ಜೀಪು ಹೊರಟಿತು. ಸದ್ದೇ ಇಲ್ಲ! ಬೆಕ್ಕಿನ ಹೆಜ್ಜೆ!

"ಏನ್ರೀ," ಎಂದರು ಚಿಣ್ಣಮ್ಮ, "ನಾಳೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರ ಹತ್ರ ಹೋಗೋದಿದೆ."

"ಹಾಂ? ಏನು? ಎಂಜಿನ್ ಸದ್ದಿಗೆ ಏನೂ ಕೇಳಿಸ್ತಿಲ್ಲ!" ಎಂದು ಕರ್ನಲ್ ಕೂಗಿದರು.

"ಎಲ್ಲಿದೆ ಸದ್ದು? ಅಳಿಯ ಎಷ್ಟು ಚೆನ್ನಾಗಿ ಮಾಡ್ಸಿದಾನೆ! ಇಪ್ಪತ್ತು ವರ್ಷದಿಂದ ಈ ಗಾಡೀಲಿ ಹಲ್ಲಿನ ಮಾತೆತ್ತಿದಾಗಲೆಲ್ಲ ಕೇಳಿಸ್ತಿಲ್ಲ ಅಂತಿದ್ರಿ. ಈಗ ಹೇಳಿ, ಆ ದವಡೆ ಹಲ್ಲು ಕೀಳಿಸ್ತೀರೋ ಇಲ್ವೋ?"

ಕರ್ನಲ್ ಸಾಹೇಬರ ಕತ್ತಿನ ಕೆಂಪು ನಿಧಾನವಾಗಿ ಇಳಿದು ಬೆಳ್ಳಗಾಯಿತು. ಯಶವಂತ ತನ್ನ ಕಣ್ಣನ್ನೇ ನಂಬಲಿಲ್ಲ. ಗಡಿಯಲ್ಲಿ ಗುಂಡಿನ ಮಳೆಗೆ ಜಗ್ಗದ ಮನುಷ್ಯನಿಗೆ ಭಯ! ಅದೂ ಹಲ್ಲಿನ ಡಾಕ್ಟರನ ಡ್ರಿಲ್ಲಿಗೆ!

ಧೌಲಾ ಕುವಾಂ ಸಿಗ್ನಲಿನಲ್ಲಿ ಜೀಪು ನಿಂತಿತು. ಕರ್ನಲ್ ಮೆಲ್ಲನೆ ಹಿಂದಕ್ಕೆ ಬಾಗಿ ಪಿಸುಗುಟ್ಟಿದರು. "ಇಷ್ಟೆಲ್ಲ ಮಾಡ್ಸಿದೀಯಲ್ಲ, ಒಂದು ಸ್ಪೀಕರ್ ಹಾಕ್ಸೋಕೆ ಏನಾಗಿತ್ತು ನಿನಗೆ? ಜೋರಾಗಿ ಹಾಡು ಹಾಕಬಹುದಿತ್ತು!"

"ಮಾವ... ಮನೇಲಿದೆ..."

"ನಾಳೆ ಹತ್ತು ಗಂಟೆಯೊಳಗೆ ಜೀಪಲ್ಲಿರ್ಬೇಕು. ಇಲ್ಲಾ ಅಂದ್ರೆ ಅಲ್ಲಿ ನನ್ನ ಒಂದು ಹಲ್ಲು ಹೋದ್ರೆ ಇಲ್ಲಿ ನಿನ್ನ ಎರಡು ಹೋಗುತ್ತೆ!"

ಮುಂದಿನ ಸೀಟಿನಲ್ಲಿ ಚಿಣ್ಣಮ್ಮ ರಸ್ತೆಯತ್ತಲೇ ನೋಡುತ್ತಾ, ತಣ್ಣಗೆ ಬ್ಯಾಗಿನಿಂದ ಮೊಬೈಲ್ ತೆಗೆದರು.

"ಎಲ್ಲಾ ಕೇಳಿಸ್ತು. ಇಬ್ಬರಿಗೂ ಸೇರಿಸಿಯೇ ಅಪಾಯಿಂಟ್‌ಮೆಂಟ್ ತಗೋತೀನಿ."