ಗುರುಪಾದ ಹೊಂಬಳನ ಮೆಂಬರ್‌ಶಿಪ್ ದಿಗ್ವಿಜಯ

ಎಲೈ ಚೌಕಾಸಿಯ ಅಧಿದೇವತೆಯೇ, ಸಂತೆಯ ಗದ್ದಲದಲ್ಲಿ ಸದಾ ಸನ್ನಿಹಿತೆಯೇ, ಸೊಪ್ಪಿನ ಕಟ್ಟಿನ ಮೇಲೆ ಕೊಸರು ಕರುಣಿಸುವ ಕೃಪಾಮಯಿಯೇ, ನನ್ನ ನಾಲಗೆಯ ಮೇಲೆ ಒಂದು ಗಳಿಗೆ ಕುಳಿತುಕೋ! ಕಲಿಯುಗವು ಬಲಿತು, ಬೆಲೆಚೀಟಿಗಳಲ್ಲಿ ಆಸೆಯು ದಪ್ಪಕ್ಷರದಲ್ಲೂ ಸತ್ಯವು ಸಾಸಿವೆಯಕ್ಷರದಲ್ಲೂ ಅಚ್ಚಾಗತೊಡಗಿದ ಕಾಲದಲ್ಲಿ, ಹುಬ್ಬಳ್ಳಿಯೆಂಬ ವಾಣಿಜ್ಯಪುರಿಯನ್ನು ಬೆಳಗಿದ ಗುರುಪಾದ ಹೊಂಬಳನೆಂಬ ವಿಮಾ ಏಜೆಂಟನ ಕೀರ್ತಿಯನ್ನು ಹೇಳಹೊರಟಿದ್ದೇನೆ.

ನಿಗದಿತದರಫಲಕಭಂಜನ, ಜವಳಿವರ್ತಕನಿದ್ರಾಪಹಾರಿ, ಪುಕ್ಕಟೆಕೊತ್ತಂಬರಿಗ್ರಾಹಿ ಎಂಬ ಬಿರುದುಗಳಿಂದ ವಿರಾಜಿಸುತ್ತಿದ್ದ ಆ ಧೀರನನ್ನು ಬಿಟ್ಟು ಬೀಗರ ಮನೆಯಲ್ಲಿ ಯಾರೂ ಮದುವೆ ಜವಳಿಗೆ ಹೊರಡುತ್ತಿರಲಿಲ್ಲ. ಅಂಥವನ ಭಾವಮೈದುನ ಶಿವಯೋಗಿಯೋ ಹಳೆಯ ವಿಡಿಯೋ ಗೇಮ್‌ಗಳನ್ನು ಮಾರುವ ಒಂದು ಅಂಗಡಿಗೆ ಹೋಗಿ, ಯಾವ ಗೇಮಿಗೂ ನಾನೂರೇ ಎಂಬ ಬೋರ್ಡು ನಂಬಿ, ಐದುನೂರು ತೆತ್ತು ಮೆಂಬರಾಗಿ ಬಂದಿದ್ದನು. ಭಾನುವಾರದ ಊಟದಲ್ಲಿ ಗುರುಪಾದನು ಇದನ್ನು ಹಿಡಿದು, ಹೋಳಿಗೆಯಿಂದ ಮಜ್ಜಿಗೆಯವರೆಗೆ ಎಡೆಬಿಡದೆ ನಕ್ಕನು. ಹುಡುಗ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಇನ್ನಷ್ಟು ನಕ್ಕನು. ಕೊನೆಗೆ ಹೆಂಡತಿ ನೀಲಗಂಗೆಗೆ ಸಿಟ್ಟು ಬಂದು, ಅಷ್ಟು ಶ್ಯಾಣ್ಯಾ ಇದ್ದರೆ ತಾವೇ ಆ ಅಂಗಡಿಗೆ ಹೋಗಿ ಬೋರ್ಡಿನ ಬೆಲೆಗೇ ಒಂದು ಕ್ರಿಕೆಟ್ ಗೇಮ್ ತರಬೇಕೆಂದಳು.

ಆಗ ವೀರನು ಕೈ ತೊಳೆಯುವ ಮೊದಲೇ ಪ್ರತಿಜ್ಞೆ ಮಾಡಿದನು. “ನಾನೂರು ಅಂತ ಬರದಾನ, ನಾನೂರಕ್ಕ ತರ್ತೀನಿ. ಮೆಂಬರ್ ಗಿಂಬರ್ ಆಗೂ ಪೈಕಿ ಅಲ್ಲ ನಾ. ಆದ್ನಿ ಅಂದ್ರ ನಿನ್ನ ತಮ್ಮನ ಮುಂದ ಇನ್ನೊಮ್ಮೆ ಬಾಯಿ ತಗಿಯೂದಿಲ್ಲ.”

ಮುಂದಿನ ಭಾನುವಾರ ಬೆಳಿಗ್ಗೆ, ಅಂಗಡಿಯ ಶಟರು ಮೇಲೆದ್ದು, ಮಾಲೀಕ ದತ್ತೋಬಾ ಗಣಪತಿಯ ಪಟಕ್ಕೆ ಊದಿನಕಡ್ಡಿ ಬೆಳಗುತ್ತಿರುವ ಪುಣ್ಯಮುಹೂರ್ತದಲ್ಲಿ, ನಮ್ಮ ನಾಯಕನು ಮೆಟ್ಟಿಲೇರಿದನು. ಆ ವೇಳೆ ಆಕಸ್ಮಿಕವಲ್ಲ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ ವ್ಯಾಪಾರಿಗೆ ದಿನವಿಡೀ ನೊಣ ಹೊಡೆಯುವುದೇ ಗತಿಯೆಂಬ ನಂಬಿಕೆ ಪೇಟೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಅದೇ ಅವನ ಬ್ರಹ್ಮಾಸ್ತ್ರ.

ಕ್ರಿಕೆಟ್ ಗೇಮನ್ನು ನಾನೂರಕ್ಕೆ ಕೇಳಿದಾಗ ದತ್ತೋಬಾ ಸೌಮ್ಯವಾಗಿ, ನಾನೂರು ಮೆಂಬರುಗಳಿಗೆ ಮಾತ್ರ, ಹೊರಗಿನವರಿಗೆ ಆರುನೂರು, ಬೋರ್ಡಿನಲ್ಲೇ ಇದೆ, ಸ್ವಲ್ಪ ಬಗ್ಗಿ ನೋಡಬೇಕು ಎಂದನು. ಬಗ್ಗಿ ನೋಡಿದರೆ ಹೌದು, ಇತ್ತು. ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣದಾಗಿ.

“ಈ ಊರಾಗ ಹೇಳಿದ ರೇಟು ಕೊಟ್ಟು ಬಂದವ ಅಲ್ರೀ ನಾ,” ಎಂದು ಗುರುಪಾದನು ಗರ್ಜಿಸಿದನು. “ಬೋಣಿ ಹೊತ್ತಿನ್ಯಾಗ ಬರಿಗೈಲೆ ಇಳದು ಹೊಂಟೀನಿ. ಮುಂದಿಂದು ನಿಮಗ ಬಿಟ್ಟಿದ್ದು.”

ಹೀಗೆಂದವನೇ ಬೆನ್ನು ತಿರುಗಿಸಿ ಮೆಟ್ಟಿಲಿಳಿಯತೊಡಗಿದನು. ಎಷ್ಟೋ ಜವಳಿ ಅಂಗಡಿಗಳ ಗರ್ವವನ್ನು ಮುರಿದ ಬೆನ್ನು ಅದು. ದತ್ತೋಬಾನ ಮುಖ ಬಾಡಿತು. ಊದಿನಕಡ್ಡಿ ಹಿಡಿದುಕೊಂಡೇ ಅವನು ಹಿಂದೆ ಓಡಿ ಬಂದನು.

“ಬೋಣಿ ಐತ್ರಿ ಸಾಹೇಬ್ರ, ಹಂಗ ಹೋಗಬ್ಯಾಡ್ರಿ. ಐದುನೂರರ ಮೆಂಬರ್ ಕಾರ್ಡು ನಿಮಗಂತ ಅರ್ಧಕ್ಕ ಕೊಡ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ.”

ಅರ್ಧ! ಆ ಶಬ್ದವು ಕಿವಿಗೆ ಬಿದ್ದೊಡನೆ ವೀರನಿಗೆ ಪ್ರತಿಜ್ಞೆ ಮರೆತುಹೋಯಿತು, ಭಾವಮೈದುನ ಮರೆತುಹೋದನು, ಬಂದ ಕೆಲಸವೂ ಮರೆತುಹೋಯಿತು. ಹುಟ್ಟಿದಾರಭ್ಯ ಅರ್ಧಕ್ಕೆ ಸಿಕ್ಕಿದ್ದನ್ನು ಬಿಟ್ಟು ಬಂದವನಲ್ಲ ಅವನು. ಇನ್ನೂರಕ್ಕೆ ಕೊಡೆಂದು ಮತ್ತೆ ಸಮರ ಸಾರಿದನು. ಚಹಾ ಬಂತು, ಆಣೆ ಪ್ರಮಾಣಗಳಾದವು, ಇಬ್ಬರೂ ತಮ್ಮ ಮಕ್ಕಳ ಫೀಸನ್ನು ಎದುರಿಗಿಟ್ಟು ಗೋಳಾಡಿದರು. ದತ್ತೋಬಾ ಇನ್ನೂರೈವತ್ತರಿಂದ ಇಳಿಯಲಿಲ್ಲ, ಆದರೆ ಡಿಸ್ಕಿಗೊಂದು ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆಯಾಗಿ ಕೊಟ್ಟನು. ಗುರುಪಾದನು ಕಪ್ಪಕಾಣಿಕೆ ಪಡೆದ ಚಕ್ರವರ್ತಿಯಂತೆ ಮನೆಗೆ ಬಂದನು.

ಮನೆಯಲ್ಲಿ ಅವನು ತನ್ನ ಪರಾಕ್ರಮವನ್ನು ನಿಂತು, ಕೂತು, ಬೆನ್ನು ತಿರುಗಿಸಿ ತೋರಿಸಿ ವರ್ಣಿಸಿದನು. ನೀಲಗಂಗೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಎಲ್ಲ ಕೇಳಿ, ಗೇಮಿನ ನಾನೂರೂ ಕಾರ್ಡಿನ ಇನ್ನೂರೈವತ್ತೂ ಕೂಡಿದರೆ ಆರುನೂರೈವತ್ತಾಯಿತಲ್ಲ, ಬಾಯಿ ಸತ್ತವನು ಹೋಗಿದ್ದರೂ ಆರುನೂರಕ್ಕೆ ತರುತ್ತಿದ್ದನಲ್ಲ ಎಂದಳು.

ನಿಗದಿತದರಫಲಕಭಂಜನನು ಮೆಲ್ಲಗೆ ಶಿವಯೋಗಿಯ ಕಡೆ ನೋಡಿದನು. ಈಗ ನಗುವ ಸರದಿ ಅವನದು. ಆದರೆ ಹುಡುಗ ನಗಲಿಲ್ಲ. ಜೇಬಿನಿಂದ ತನ್ನ ಕಾರ್ಡು ತೆಗೆದು ಸಂಕೋಚದಿಂದ ಮುಂದೆ ಹಿಡಿದನು.

“ಮಾಮಾ, ಇದನ್ನ ಒಯ್ದಿದ್ರ ನಾನೂರಕ್ಕ ಬರ್ತಿತ್ರಿ. ಮನಿ ಮಂದಿಗೆಲ್ಲಾ ನಡೀತೈತಿ. ಅವತ್ತು ಊಟದಾಗ ಹೇಳೂಣಂತ ಮಾಡಿದ್ನಿ, ನೀವು ನಗೂದು ನಿಲ್ಲಿಸಲೇ ಇಲ್ಲ.”

ಗುರುಪಾದನಿಗೆ ನಿಜವಾಗಿಯೂ ನಾಚಿಕೆಯಾಯಿತು. ಡಿಸ್ಕನ್ನು ಭಾವಮೈದುನನ ಕೈಗೆ ಕೊಟ್ಟು, ಮೊದಲ ಬ್ಯಾಟಿಂಗ್ ನೀನೇ ಮಾಡು ಎಂದನು.